ವಠಾರದ ಪಟ್ಟಿಯಲ್ಲಿ ಅನಂತನಾಗ್

ರಾಜ್‌ಕುಮಾರ್ ಅವರ ಸಿನಿಮಾಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸುವ ಧೈರ್ಯ ನಮ್ಮ ವಠಾರದಲ್ಲಿ ಯಾರಿಗೂ ಇರಲಿಲ್ಲ. ‘ಕಸ್ತೂರಿ ನಿವಾಸ’ ಮೊದಲೋ ‘ಬಂಗಾರದ ಮನುಷ್ಯ’ ಮೊದಲೋ ಎಂದು ಯಾರಾದರೂ ಮಾತು ತೆಗೆದರೆ ಅದು ಮನೆದೇವರ ವಿಚಾರಕ್ಕೆ ತಿರುಗಿಬಿಡುತ್ತಿತ್ತು. ವಿಷ್ಣುವರ್ಧನ್ ತಂಟೆಗೆ ಹೋದರೆ ಎದುರು ಮನೆಯ ಹುಡುಗ ಮಾತು ಬಿಡುತ್ತಿದ್ದ. ಶಂಕರ್‌ನಾಗ್ ಆಟೊ ನಿಲ್ದಾಣದವರ ಸ್ವಂತ ಆಸ್ತಿ, ಅಲ್ಲಿ ನಮಗೆ ಪ್ರವೇಶವಿಲ್ಲ. ಪಟ್ಟಿ ಮಾಡಿ, ಕೂಗಾಡಿ, ಆಮೇಲೆ ಅದೇ ಜಗಲಿಯ ಮೇಲೆ ಕೂತು ಕಾಫಿ ಕುಡಿಯಬಹುದಾದ ನಟ ಎಂದರೆ ಅನಂತನಾಗ್ ಒಬ್ಬರೇ. ಅವರ ಸಿನಿಮಾ ಡಬ್ಬಾ ಎಂದರೂ ಯಾರೂ ಕಲ್ಲು ಹೊಡೆಯುತ್ತಿರಲಿಲ್ಲ. ಅಭಿಮಾನಕ್ಕೇನೂ ಕಡಿಮೆಯಿರಲಿಲ್ಲ, ಆದರೆ ಅವರು ನಮ್ಮ ಪಾಲಿಗೆ ಗೋಡೆಯ ಮೇಲಿನ ಪಟವಾಗಿರದೆ ಪಕ್ಕದ ಮನೆಯ ಬಾಡಿಗೆದಾರರಾಗಿದ್ದರು.

ತೊಂಬತ್ತರ ದಶಕದ ಶುರುವಿನಲ್ಲಿ ಅಣ್ಣನೂ ನಾನೂ ಮಲ್ಲೇಶ್ವರದ ಒಂದು ವಠಾರದಲ್ಲಿದ್ದೆವು. ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಅಡ್ಡರಸ್ತೆ. ಎರಡು ಸಾಲು ಮನೆ, ನಡುವೆ ಒಂದು ನಲ್ಲಿ, ನಲ್ಲಿಯ ಮೇಲೆ ಓನರಮ್ಮನ ಒಂದು ಕಣ್ಣು. ಅಣ್ಣ ಲೆಕ್ಕಪತ್ರ ಬರೆಯುವ ಗುಮಾಸ್ತ. ಅವನಿಗೆ ಏನನ್ನೇ ಆಗಲಿ ಗೆರೆ ಎಳೆದು, ಕಾಲಂ ಮಾಡಿ, ಕೆಳಗೆ ಒಟ್ಟು ಬರೆಯದಿದ್ದರೆ ನಿದ್ದೆ ಬಾರದು. ಅನಂತನಾಗ್ ಸಿನಿಮಾಗಳ ಪಟ್ಟಿ ಶುರುವಾದದ್ದೂ ಅವನ ಹಳೆಯ ಲೆಡ್ಜರ್ ಪುಸ್ತಕದಲ್ಲೇ. ಕಥೆಗೆ 20 ಅಂಕ, ಹಾಡಿಗೆ 20, ‘ಮನೆಮಂದಿಯೆಲ್ಲ ಕೂತು ನೋಡಬಹುದೇ’ ಎಂಬುದಕ್ಕೆ 20, ಉಳಿದ 40 ನಟನೆಗೆ. ನಡುಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಇದನ್ನು ನೋಡಿ, “ತಕ್ಕಡಿ ಹಿಡ್ಕೊಂಡು ಸಿನಿಮಾ ನೋಡೋಕೆ ಹೋಗ್ತೀಯೇನಯ್ಯಾ?” ಎಂದರು. ಅಣ್ಣ ಪೆನ್ನು ಎತ್ತದೆ, “ನೀವು ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕದೇನೇ ಪಾಸು ಮಾಡಿದ್ರಾ ಸಾರ್?” ಎಂದ. ಅಲ್ಲಿಂದಾಚೆ ಮೇಷ್ಟ್ರೂ ಪಟ್ಟಿಯ ಪಾಲುದಾರರು.

ಆದರೆ ಅಂಕ ತುಂಬುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ನಟನೆಯ ಕಾಲಂನಲ್ಲಿ ಯಾವ ಸಿನಿಮಾಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬೀಳುತ್ತಿತ್ತು. ಕಥೆ ಸೊನ್ನೆ, ಹಾಡು ಸೊನ್ನೆ, ಆದರೂ ನಟನೆಗೆ ಮೂವತ್ತೈದೋ ಮೂವತ್ತಾರೋ. ಸಿನಿಮಾ ಮುಳುಗುತ್ತಿದ್ದರೂ ಈ ಮನುಷ್ಯ ಮಾತ್ರ ಹತ್ತಿರದ ಬಂಧುವಿನ ಮನೆಗೆ ಬಂದವರ ಹಾಗೆ ನಿರಾಳವಾಗಿ ಮಾತಾಡಿಕೊಂಡಿರುತ್ತಾರೆ. ಮಾತು ಶುರುವಾಗುವ ಮೊದಲು ಗಂಟಲಲ್ಲೇ ಸಣ್ಣ ನಗು, ವಾಕ್ಯದ ನಡುವೆ ಒಂದು ತಡವರಿಕೆ, ಎದುರಿನವರು ಮಾತಾಡುವಾಗ ನಿಜವಾಗಿಯೂ ಕೇಳಿಸಿಕೊಳ್ಳುವ ಮುಖ. ಕೇಳಿಸಿಕೊಳ್ಳುವುದು ನಮ್ಮ ನಾಯಕನಟರಿಗೆ ಬಾರದ ವಿದ್ಯೆ. ತಮ್ಮ ಸರದಿಗೆ ಕಾಯುತ್ತಾ ನಿಂತಿರುತ್ತಾರೆ ಅಷ್ಟೆ. ಮೇಷ್ಟ್ರು ಇದಕ್ಕೊಂದು ಕಾರಣ ಕೊಡುತ್ತಿದ್ದರು. ಮನೆಮಾತು ಕೊಂಕಣಿ, ಬಾಲ್ಯ ಕಾಂಞಂಗಾಡಿನ ಆನಂದಾಶ್ರಮದಲ್ಲಿ, ಶಿರಾಲಿಯ ಚಿತ್ರಾಪುರ ಮಠದಲ್ಲಿ. ಆಮೇಲೆ ಮುಂಬೈಯಲ್ಲಿ ಕೊಂಕಣಿ, ಮರಾಠಿ, ಹಿಂದಿ ನಾಟಕಗಳು. “ಶ್ಲೋಕ ಹೇಳಿ ಬೆಳೆದ ನಾಲಿಗೆ, ನಾಟಕ ಕೇಳಿ ಬೆಳೆದ ಕಿವಿ ಕಣಯ್ಯಾ” ಎನ್ನುವರು. ಇರಬಹುದು. ಅಣ್ಣ ಮಾತ್ರ ಲೆಡ್ಜರ್ ಮುಚ್ಚಿ, “ಈ ಕಾಲಮ್ಮೇ ದಂಡ, ತೆಗೆದುಹಾಕೋಣ” ಎಂದ.

ನಟನೆಯನ್ನು ತೆಗೆದು ನಟನ ಸಿನಿಮಾಗಳಿಗೆ ಅಂಕ ಹಾಕುವುದು ಹೇಗೆ? ಆ ಪ್ರಶ್ನೆ ಇಟ್ಟುಕೊಂಡು ನೋಡುತ್ತಾ ನೋಡುತ್ತಾ ನನಗೊಂದು ಅಳತೆಗೋಲು ಸಿಕ್ಕಿತು. ಇಂದಿಗೂ ಅದನ್ನು ಬಿಟ್ಟಿಲ್ಲ. ಅನಂತನಾಗ್ ಒಳ್ಳೆಯವರಾಗಿ ಕಂಡಷ್ಟೂ ಸಿನಿಮಾ ಸಪ್ಪೆ. ಅವರು ಸುಳ್ಳು ಹೇಳಬೇಕು, ಹೆದರಬೇಕು, ಸಣ್ಣತನ ತೋರಬೇಕು, ಸಿಕ್ಕಿಬಿದ್ದು ಪೆಚ್ಚಾಗಬೇಕು. ಆಗ ಅವರನ್ನು ಮೀರಿಸುವವರು ಕನ್ನಡದಲ್ಲಿ ಇಲ್ಲ.

‘ಗಣೇಶನ ಮದುವೆ’ ನೋಡಿ. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ. ಬೆಂಗಳೂರಿನ ವಠಾರ, ಬಾಡಿಗೆದಾರ ಗಣೇಶ, ವಠಾರದ ಮಾಲೀಕರ ಮಗಳ ಜತೆ ಅವನಿಗೆ ಹಾವು-ಮುಂಗುಸಿ ಸಂಬಂಧ. ಅತ್ತ ಮುಖವನ್ನೇ ನೋಡದ ಗಾಯಕಿಯೊಬ್ಬಳಿಗೆ ಪತ್ರ ಬರೆಯುತ್ತಾ ಪ್ರೀತಿಯಲ್ಲಿ ಬಿದ್ದಿದ್ದಾನೆ. ಇಬ್ಬರೂ ಒಬ್ಬಳೇ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕಥೆಯ ಎಳೆ ಇಷ್ಟೇ. ನಮ್ಮ ವಠಾರದಲ್ಲಿ ಈ ಸಿನಿಮಾಕ್ಕೆ ಸಿಕ್ಕ ಮರ್ಯಾದೆ ಬೇರೆ ಯಾವುದಕ್ಕೂ ಸಿಗಲಿಲ್ಲ, ಏಕೆಂದರೆ ಓನರಮ್ಮನೂ ಬಾಡಿಗೆದಾರರೂ ಒಟ್ಟಿಗೆ ಕೂತು ನೋಡಿ ಒಟ್ಟಿಗೆ ನಕ್ಕರು. ಅವರವರು ನಕ್ಕ ಜಾಗ ಬೇರೆಬೇರೆ ಇತ್ತೆನ್ನಿ. ಪಾತ್ರದ ಗುಣ ನೋಡಿದರೆ ಗಣೇಶ ಅಂಥ ದೊಡ್ಡ ಮನುಷ್ಯನೇನಲ್ಲ. ಚಾಡಿ, ಹಟ, ಕುಹಕ ಎಲ್ಲ ಉಂಟು. ಜಗಳದಲ್ಲಿ ಸೋತಾಗ ಅವನ ಮುಖ ಒಂದು ಕ್ಷಣ ಹುಡುಗನದ್ದಾಗುತ್ತದೆ, ಮರುಕ್ಷಣ ಮತ್ತೆ ಮೀಸೆ ಹೊತ್ತ ಗಂಡಸಿನದ್ದಾಗುತ್ತದೆ. ಅದಕ್ಕಾಗಿಯೇ ಅದನ್ನು ಎಷ್ಟು ಸಲ ಹಾಕಿದರೂ ಟಿವಿ ಮುಂದೆ ಕೂರುತ್ತೇವೆ.

ಮರುವರ್ಷ ಬಂದ ‘ಗೌರಿ ಗಣೇಶ’ ಇದಕ್ಕಿಂತ ಮೇಲು ಎಂದು ಅಣ್ಣನ ವಾದ. ಅದರಲ್ಲಿ ಲಂಬೋದರ ಎಂಬ ಅಪ್ಪಟ ಮೋಸಗಾರ, ತೀರಿಹೋದ ಹೆಣ್ಣುಮಗಳೊಬ್ಬಳ ದಿನಚರಿ ಹಿಡಿದುಕೊಂಡು ಮೂವರು ಮರ್ಯಾದಸ್ಥರನ್ನು ಹಣಕ್ಕೆ ಪೀಡಿಸುತ್ತಾನೆ. ಜತೆಗೆ ಮಾಸ್ಟರ್ ಆನಂದ್ ಎಂಬ ಆ ಚೂಟಿ ಹುಡುಗ. ನನ್ನದೇ ಅಳತೆಗೋಲಿನಲ್ಲಿ ನೋಡಿದರೆ ಲಂಬೋದರನಿಗೇ ಹೆಚ್ಚು ಅಂಕ ಸಿಗಬೇಕಲ್ಲ ಎಂದು ಅಣ್ಣ ನನ್ನನ್ನೇ ಕಟ್ಟಿಹಾಕಿದ. ಸಿಗಬೇಕಿತ್ತು. ಆದರೆ ಕಡೆಕಡೆಗೆ ಆ ಸಿನಿಮಾ ಕಣ್ಣೀರಿನ ಕಡೆ ವಾಲುತ್ತದೆ, ಲಂಬೋದರನನ್ನು ತೊಳೆದು ಶುಭ್ರ ಮಾಡಲು ಹೊರಡುತ್ತದೆ. ಗಣೇಶನನ್ನು ಯಾರೂ ತೊಳೆಯಲು ಹೋಗಲಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ‘ಗಣೇಶನ ಮದುವೆ’ ಮೂರನೆಯದು, ‘ಗೌರಿ ಗಣೇಶ’ ಅದಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಆ ಕಾಲದ ಅವರ ಸಿನಿಮಾಗಳ ಹೆಸರನ್ನೇ ನೋಡಿದರೂ ಸಾಕು: 1989ರಲ್ಲಿ ‘ಹೆಂಡ್ತಿಗ್ಹೇಳ್ಬೇಡಿ’, 1994ರಲ್ಲಿ ‘ಯಾರಿಗೂ ಹೇಳ್ಬೇಡಿ’. ಏನನ್ನೋ ಮುಚ್ಚಿಟ್ಟುಕೊಂಡು ಒದ್ದಾಡುವ ಗಂಡಸು ಎಂದರೆ ಅನಂತನಾಗ್ ಎಂದು ಗಾಂಧಿನಗರಕ್ಕೂ ಹೊಳೆದಿತ್ತು.

ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಚಿತ್ರಗಳು ನಮ್ಮ ಪಟ್ಟಿಯ ಇನ್ನರ್ಧ ತುಂಬಿಸಿದವು. ಊಟ ಮುಗಿಸಿ, ಅರ್ಧ ನಿದ್ದೆಗಣ್ಣಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿರುವಾಗ ನೋಡುವ ಸಿನಿಮಾ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯನ್ನು ನಾವು ನೋಡಿದ್ದು ಹಾಗೆ. 1975ರದ್ದು, ತರಾಸು ಕಾದಂಬರಿ ಆಧಾರಿತ. ಚಿತ್ರದುರ್ಗದ ಸೀಮೆಯ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಸಿನಿಮಾ. ಮೇಷ್ಟ್ರು ಇದಕ್ಕೇ ಮೊದಲ ಸ್ಥಾನ ಎಂದು ಪಟ್ಟು ಹಿಡಿದರು. ಸಂಗೀತದ ಮುಂದೆ ಅಣ್ಣನ ಕಾಲಂಗಳೆಲ್ಲ ಕಾಲಕಸ ಎಂದರು. ನಾನು ಅದನ್ನು ಐದನೆಯದಾಗಿ ಇಟ್ಟೆ. ಅಹಂಕಾರಿ ಸಂಗೀತಗಾರನ ಪಾಡನ್ನು ಅನಂತನಾಗ್ ಚೆನ್ನಾಗಿಯೇ ಹಿಡಿದಿದ್ದಾರೆ, ಆದರೆ ಆ ಸಿನಿಮಾದಲ್ಲಿ ನಾವು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕೇಳಿದ್ದಕ್ಕೆ ಅಂಕ ಬಾಲಮುರಳಿಯವರಿಗೆ ಸಲ್ಲಬೇಕು.

‘ಬರ’ ನಾಲ್ಕನೆಯದು. ಯು.ಆರ್. ಅನಂತಮೂರ್ತಿಯವರ ಕಥೆ, ಎಂ.ಎಸ್. ಸತ್ಯು ನಿರ್ದೇಶನ. ಬರಗಾಲದ ಜಿಲ್ಲೆಯೊಂದರ ಜಿಲ್ಲಾಧಿಕಾರಿಯಾಗಿ ಅನಂತನಾಗ್. ಓದಿದವನು, ಪ್ರಾಮಾಣಿಕ, ಜನರಿಗೆ ಒಳ್ಳೆಯದು ಮಾಡಬೇಕೆಂಬ ಆಸೆಯಿರುವವನು. ಇಷ್ಟು ಒಳ್ಳೆಯ ಮನುಷ್ಯನ ಪಾತ್ರ ನನ್ನ ಸೂತ್ರದ ಪ್ರಕಾರ ಸಪ್ಪೆಯಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಆ ಒಳ್ಳೆಯತನ ಎಲ್ಲೂ ಕೆಲಸಕ್ಕೆ ಬರುವುದಿಲ್ಲ ಎಂಬುದೇ ಸಿನಿಮಾದ ವಿಷಯ. ರಾಜಕಾರಣಿಗಳ ಮಾತು ಕೇಳಿಸಿಕೊಳ್ಳುತ್ತಾ ಕೂತ ಅಧಿಕಾರಿಯ ಮುಖದಲ್ಲಿ ಸಭ್ಯತೆಯೇ ಒಂದು ಬಗೆಯ ಕೈಲಾಗದತನವಾಗಿ ಕಾಣುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಆ ಮುಖದ ಪರಿಚಯ ಇದ್ದೇ ಇರುತ್ತದೆ. ಅಣ್ಣ ಅದನ್ನು ನೋಡಿದ ದಿನ ಲೆಡ್ಜರ್ ತೆಗೆಯಲೇ ಇಲ್ಲ.

‘ಅಂಕುರ್’ ವಿಷಯಕ್ಕೆ ಬಂದರೆ ನಮ್ಮಲ್ಲಿ ಕಾನೂನಿನ ತೊಡಕು. ಹಿಂದಿ ಸಿನಿಮಾ ಲೆಕ್ಕಕ್ಕಿಲ್ಲ ಎಂದು ಮೊದಲ ಪುಟದಲ್ಲೇ ಬರೆದುಬಿಟ್ಟಿದ್ದೆವು. 1974ರಲ್ಲಿ ಬಂದ ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ ಅದು. ತೆಲಂಗಾಣದ ಹಳ್ಳಿ, ಜಮೀನ್ದಾರನ ಮಗ ಸೂರ್ಯನಾಗಿ ಅನಂತನಾಗ್, ಮನೆಗೆಲಸದ ಲಕ್ಷ್ಮಿಯಾಗಿ ಶಬಾನಾ ಆಜ್ಮಿ. ಬಾಡಿಗೆ ಕ್ಯಾಸೆಟ್ ತಂದು ನೋಡಿದ್ದು. ಕೊನೆಯ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಲಕ್ಷ್ಮಿಯ ಗಂಡ, ಮಾತು ಬಾರದ, ಕಿವಿ ಕೇಳದ ಕಿಷ್ಟಯ್ಯ, ಕೆಲಸ ಕೇಳಲೆಂದು ದೂರದಿಂದ ಬರುತ್ತಿದ್ದಾನೆ. ಅವನು ತನ್ನನ್ನು ಹೊಡೆಯಲು ಬರುತ್ತಿದ್ದಾನೆಂದು ಸೂರ್ಯ ಭಾವಿಸುತ್ತಾನೆ. ತಪ್ಪು ಮಾಡಿದವನ ಹೆದರಿಕೆ ಅದು. ಆ ಹೆದರಿಕೆಯಲ್ಲೇ ಅವನನ್ನು ಹಿಡಿಸಿ ಬಾರಿಸುತ್ತಾನೆ. ಆಮೇಲೆ ಲಕ್ಷ್ಮಿ ಶಾಪ ಹಾಕುವಾಗ ಅವನು ಬಾಗಿಲ ಹಿಂದೆ ಅಡಗಿ ನಿಂತಿರುತ್ತಾನೆ. ಹೊಡೆತ ತಿಂದವನಿಗಿಂತ ಹೊಡೆದವನೇ ಹೆಚ್ಚು ನಡುಗುವುದನ್ನು ಅನಂತನಾಗ್ ಬರೀ ಉಸಿರಾಟದಲ್ಲಿ ತೋರಿಸಿದರು. ಇಪ್ಪತ್ತಾರರ ಆಸುಪಾಸಿನ ಹುಡುಗ, ಮೊದಮೊದಲ ಸಿನಿಮಾ; ಇಂಥ ಹೇಡಿಯಾಗಿ ಕಾಣಲು ಯಾವ ನಾಯಕನಟ ಒಪ್ಪುತ್ತಾನೆ? ಕನ್ನಡದ ಪಟ್ಟಿಯಲ್ಲಿ ಸ್ಥಾನವಿಲ್ಲವೆಂದು ಅದನ್ನು ಲೆಡ್ಜರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಅಲ್ಲೇ ಇರಲಿ.

ಪಟ್ಟಿಯ ಕೆಳಭಾಗದಲ್ಲಿ ಜಗಳ ಇನ್ನೂ ಜೋರು. 1979ರ ‘ನಾ ನಿನ್ನ ಬಿಡಲಾರೆ’ಗೆ ಓನರಮ್ಮ ಮೊದಲ ಸ್ಥಾನ ಕೊಟ್ಟಿದ್ದರು. ಆ ದೆವ್ವದ ಸಿನಿಮಾ ನೋಡಿದ ಮೇಲೆ ಎಷ್ಟೋ ದಿನ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುವರು. “ಮೈಮೇಲೆ ಬಂದಾಗ ಕಣ್ಣು ಹೆಂಗ್ ಮಾಡ್ತಾನೆ ನೋಡಿದ್ಯೇನೋ?” ನೋಡಿದ್ದೆ. ದೆವ್ವ ಮೈಮೇಲೆ ಬಂದ ಅನಂತನಾಗ್ ಅದ್ಭುತ, ದೆವ್ವ ಇಳಿದ ಅನಂತನಾಗ್ ಸಾದಾ ಸೀದಾ ಗಂಡ. ಆ ಸಿನಿಮಾದಲ್ಲಿ ಕೆಟ್ಟತನವೆಲ್ಲ ದೆವ್ವದ ಪಾಲಾಯಿತು, ಅವರ ಪಾಲಿಗೆ ಏನೂ ಉಳಿಯಲಿಲ್ಲ. ‘ಬಯಲು ದಾರಿ’ಯನ್ನೂ ನಾನು ಕೆಳಗೇ ಇಟ್ಟಿದ್ದೇನೆ, ಬೈಸಿಕೊಂಡೂ ಇದ್ದೇನೆ. 1976ರಲ್ಲಿ ದೊರೆ-ಭಗವಾನ್ ಮಾಡಿದ ಆ ಚಿತ್ರವೇ ಅವರನ್ನು ಮನೆಮಾತಾಗಿಸಿದ್ದು, ಕಲ್ಪನಾ ಎದುರಿಗೆ. ಹೆಲಿಕಾಪ್ಟರಿನಲ್ಲಿ ಕೂತು ಹಾಡುವ ಹಾಡನ್ನು ನಾನೂ ಗುನುಗುತ್ತೇನೆ. ಗುನುಗುವುದು ಎಸ್.ಪಿ.ಬಿ. ಧ್ವನಿಯನ್ನು. ಹೆಲಿಕಾಪ್ಟರಿನಿಂದ ಇಳಿದ ಮೇಲೆ ಆ ನಾಯಕನಿಗೆ ಮುದ್ದಾಗಿರುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

‘ಮಿಂಚಿನ ಓಟ’ಕ್ಕೆ ಎಲ್ಲಿ ಜಾಗ ಎಂದು ನಾವು ತೀರ್ಮಾನಿಸಲಿಲ್ಲ. 1980ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ, ಅಣ್ಣ-ತಮ್ಮ ಇಬ್ಬರೂ ಕಾರುಗಳ್ಳರಾಗಿರುವ ಸಿನಿಮಾ. ಅದಕ್ಕೆ ಅಂಕ ಹಾಕಬೇಕೆನ್ನುವ ಹೊತ್ತಿಗೆ 1990ರ ಸೆಪ್ಟೆಂಬರ್ 30 ಬಂತು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಅವರನ್ನು ಕಿತ್ತುಕೊಂಡ ಆ ಅಪಘಾತ. ತೆರೆಯ ಮೇಲೆ ಇಬ್ಬರೂ ಒಟ್ಟಿಗೆ ನಗುವುದನ್ನು ನೋಡಿ ಯಾರಿಗೆ ತಾನೆ ಅಂಕದ ಯೋಚನೆ ಬಂದೀತು? ಆ ಸಾಲು ಖಾಲಿಯಿದೆ. ತಮ್ಮನನ್ನು ಕಳೆದುಕೊಂಡ ಮರುವರ್ಷವೇ ಅವರು ಲಂಬೋದರನಾಗಿ ರಾಜ್ಯವನ್ನೆಲ್ಲ ನಗಿಸಿದರು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ, ತಾರೀಖುಗಳನ್ನು ಅಕ್ಕಪಕ್ಕ ಇಟ್ಟಾಗ.

1994ರಲ್ಲಿ ಪಟ್ಟಿಗೆ ಅನಿರೀಕ್ಷಿತ ತಿರುವು ಸಿಕ್ಕಿತು. ಅನಂತನಾಗ್ ನಮ್ಮ ಮಲ್ಲೇಶ್ವರದಿಂದಲೇ ಜನತಾದಳದ ಅಭ್ಯರ್ಥಿಯಾಗಿ ವಿಧಾನಸಭೆಗೆ ನಿಂತರು. ಅಲ್ಲಿಯವರೆಗೆ ಅಂಕ ಹಾಕುತ್ತಿದ್ದವರು ಈಗ ಓಟು ಹಾಕಬೇಕು. ಜಗಲಿಯ ಮೇಲೆ ಗಂಭೀರ ಚರ್ಚೆ. “ಗೌರಿ ಗಣೇಶದಲ್ಲಿ ಮೂರು ಜನಕ್ಕೆ ಟೋಪಿ ಹಾಕಿದೋನಿಗೆ ಹೆಂಗ್ರೀ ಓಟು ಹಾಕೋದು?” ಎಂದು ಓನರಮ್ಮ. “ಸಿನಿಮಾದಲ್ಲೇ ಹಾಕಿ ಮುಗಿಸಿದಾರಲ್ಲ ತಾಯಿ, ಇನ್ನು ಹಾಕಲ್ಲ ಬಿಡಿ” ಎಂದು ಮೇಷ್ಟ್ರು. ‘ಅವಸ್ಥೆ’ಯಲ್ಲಿ ಅವರು ಮಾಡಿದ್ದ ಕೃಷ್ಣಪ್ಪ ಗೌಡನ ಪಾತ್ರ ನೆನೆದು, ಹಾಸಿಗೆ ಹಿಡಿದ ಆ ರಾಜಕಾರಣಿಯ ಪಶ್ಚಾತ್ತಾಪವನ್ನು ಅಷ್ಟು ಚೆನ್ನಾಗಿ ಅಭಿನಯಿಸಿದವರಿಗೆ ಅಧಿಕಾರದ ಒಳಹೊರಗು ಗೊತ್ತಿರಲೇಬೇಕು ಎಂದು ಅಣ್ಣ. ಗೆದ್ದರು. ಮುಂದೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಬೆಂಗಳೂರು ನಗರಾಭಿವೃದ್ಧಿ ಸಚಿವರೂ ಆದರು.

ಇಲ್ಲೇ ‘ಉದ್ಭವ’ದ ಮಾತು ಬರುವುದು. ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೋಡ್ಲು ರಾಮಕೃಷ್ಣ ನಿರ್ದೇಶನ, 1990ರ ಸಿನಿಮಾ. ರಾಘಣ್ಣ ಎಂಬ ಬಡಾವಣೆಯ ಮುಖಂಡ. ಎಲ್ಲರಿಗೂ ಬೇಕಾದವನು, ಎಲ್ಲರ ಕೆಲಸವನ್ನೂ ಮಾಡಿಸಿಕೊಡುವವನು, ಅದರಲ್ಲಿ ತನ್ನದನ್ನೂ ನೋಡಿಕೊಳ್ಳುವವನು. ರಸ್ತೆ ಅಗಲ ಮಾಡುವ ಯೋಜನೆ ಬರುತ್ತದೆ, ಮನೆ ಹೋಗುತ್ತದೆಂದು ಜನ ಕಂಗಾಲಾಗುತ್ತಾರೆ, ರಾತ್ರೋರಾತ್ರಿ ಅಲ್ಲೊಂದು ಗಣಪತಿ ಉದ್ಭವವಾಗುತ್ತದೆ. ಉದ್ಭವವಾಗಿಸಿದವನು ರಾಘಣ್ಣ. ಆಮೇಲೆ ಆ ದೇವರು ಅವನ ಕೈ ಮೀರಿ ಬೆಳೆಯುತ್ತಾನೆ. ಬೆಂಗಳೂರಿನಲ್ಲಿ ರಸ್ತೆ ಅಗಲದ ಗುಲ್ಲು ಯಾವ ಕಾಲಕ್ಕೂ ಇದ್ದದ್ದೇ. ಅಂಥ ಒಂದು ಗುಲ್ಲು ನಮ್ಮ ಬೀದಿಗೂ ಬಂದಾಗ ಮೇಷ್ಟ್ರು ತಣ್ಣಗೆ, “ಮಂತ್ರಿಗಳಿಗೆ ಅರ್ಜಿ ಕೊಡೋದೇನೂ ಬೇಡ, ಮೂಲೇಲಿ ಒಂದು ಗಣಪನ್ನ ಹೂತಿಟ್ರೆ ಅವ್ರಿಗೇ ಅರ್ಥ ಆಗುತ್ತೆ” ಎಂದಿದ್ದರು. ರಸ್ತೆ ಅಗಲವಾಗಲಿಲ್ಲ, ಗಣಪನೂ ಬರಲಿಲ್ಲ.

ರಾಘಣ್ಣನನ್ನು ಮೊದಲ ಸ್ಥಾನಕ್ಕೆ ಏರಿಸಿದವನು ನಾನು. ಇದಕ್ಕೆ ಆಗ ಬೆಂಬಲ ಸಿಕ್ಕಿರಲಿಲ್ಲ. ಲಂಬೋದರನದ್ದು ಕಣ್ಣಿಗೆ ಕಾಣುವ ಮೋಸ. ರಾಘಣ್ಣ ಮೋಸ ಮಾಡುತ್ತಿದ್ದಾನೋ ಉಪಕಾರ ಮಾಡುತ್ತಿದ್ದಾನೋ ಅವನಿಗೇ ಸ್ಪಷ್ಟವಿಲ್ಲ. ಹೆಗಲ ಮೇಲೆ ಕೈ ಹಾಕಿ ಮಾತಾಡುವ ಆ ಸಲಿಗೆ, ‘ನಾನಿದೀನಲ್ಲ’ ಎನ್ನುವ ಆ ಧಾಟಿ ಪ್ರತಿ ಬಡಾವಣೆಯಲ್ಲೂ ಒಬ್ಬರಿಗಿರುತ್ತದೆ. ನಮಗೆ ಗ್ಯಾಸ್ ಕನೆಕ್ಷನ್ ಬೇಕಾದಾಗ, ಮಗುವಿಗೆ ಶಾಲೆಯ ಸೀಟು ಬೇಕಾದಾಗ ನಾವು ಓಡುವುದು ಅಂಥವರ ಬಳಿಗೇ. ಬೆನ್ನ ಹಿಂದೆ ಬೈಯುವುದೂ ಅವರನ್ನೇ. ಅಂಥವನನ್ನು ಖಳನಾಗಿಸದೆ, ನಗೆಪಾಟಲಿಗೂ ಈಡುಮಾಡದೆ ನಮ್ಮ ಮುಂದೆ ನಿಲ್ಲಿಸಿದ ಬೇರೆ ಕನ್ನಡ ನಟ ನನಗೆ ತೋರುವುದಿಲ್ಲ.

ವಠಾರ ಬಿಟ್ಟಮೇಲೂ ಪಟ್ಟಿ ಮುಂದುವರಿಯಿತು, ಫೋನಿನಲ್ಲಿ. 1995ರ ‘ಬೆಳದಿಂಗಳ ಬಾಲೆ’ಗೆ ಆರನೆಯ ಸ್ಥಾನ. ಸುನಿಲ್ ಕುಮಾರ್ ದೇಸಾಯಿ ಅವರ ಸಿನಿಮಾ. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್‌ಗೆ ಮುಖ ತೋರಿಸದ ಹುಡುಗಿಯ ಕರೆಗಳು. ಎದುರಿಗೆ ಕಲಾವಿದೆಯೇ ಇಲ್ಲ, ಕೈಯಲ್ಲೊಂದು ರಿಸೀವರ್ ಅಷ್ಟೆ, ಆದರೂ ಅವರು ಪ್ರೇಮಕಥೆ ನಡೆಸಿಬಿಟ್ಟರು. ‘ಮುಂಗಾರು ಮಳೆ’ಯ ಕರ್ನಲ್ ಸುಬ್ಬಯ್ಯನಂಥ ತಂದೆಯ ಪಾತ್ರಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಆ ವರ್ಷಗಳಲ್ಲಿ ನಮ್ಮವರು ಅವರನ್ನು ಸೋಫಾದ ಮೇಲೆ ಕೂರಿಸಿ ಒಳ್ಳೆಯ ಅಪ್ಪನನ್ನಾಗಿ ಮಾಡಿಟ್ಟರು.

ಆಮೇಲೆ 2016ರಲ್ಲಿ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಾಣೆಯಾಗುತ್ತಾರೆ, ಅವರನ್ನು ಆಶ್ರಮಕ್ಕೆ ಬಿಟ್ಟು ನಿಶ್ಚಿಂತನಾಗಿದ್ದ ಮಗ ಹುಡುಕಿಕೊಂಡು ಅಲೆಯುತ್ತಾನೆ. ಈ ಪಾತ್ರವನ್ನು ಎಂಥವರೂ ಕಣ್ಣೀರಿಗೆ ಎಳೆಯುತ್ತಿದ್ದರು. ಅನಂತನಾಗ್ ಹಾಗೆ ಮಾಡಲಿಲ್ಲ. ವೆಂಕೋಬ ರಾವ್‌ಗೆ ತಾನು ಮರೆತಿದ್ದೇನೆಂಬುದು ಆಗಾಗ ಹೊಳೆಯುತ್ತದೆ, ಹೊಳೆದಾಗ ಸಂಕೋಚವಾಗುತ್ತದೆ, ಆ ಸಂಕೋಚ ಮುಚ್ಚಿಕೊಳ್ಳಲು ನಗುತ್ತಾರೆ. ಅದೇ ಹಳೆಯ ಗಣೇಶನ ಪೆಚ್ಚುನಗೆ; ಅಂದು ಸಿಕ್ಕಿಬಿದ್ದಾಗ ಬರುತ್ತಿದ್ದದ್ದು ಈಗ ದಾರಿ ತಪ್ಪಿದಾಗ ಬರುತ್ತಿದೆ. ಅಪರಿಚಿತ ರೌಡಿಗಳ ಜತೆ ಗಾಡಿಯಲ್ಲಿ ಕೂತಾಗಲೂ ಬಂಧುಗಳ ಜತೆ ಹೊರಟವರ ಹಾಗೆ ಮಾತಿಗಿಳಿಯುತ್ತಾರೆ. ಅಣ್ಣ ಅಂದು ರಾತ್ರಿಯೇ ಫೋನ್ ಮಾಡಿ, “ಇದಕ್ಕೆ ಒಂದನೇ ಸ್ಥಾನ, ನಿನ್ನ ರಾಘಣ್ಣನ್ನ ಇಳಿಸು” ಎಂದ. ನಾನು ಇಳಿಸಲಿಲ್ಲ, ಇದನ್ನು ಎರಡನೆಯದಾಗಿ ಬರೆದುಕೊಂಡೆ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಅದರಾಚೆ ಎರಡು ವರ್ಷಕ್ಕೆ ಬಂತು. ಕೋರ್ಟಿನಲ್ಲಿ ಅವರ ಮಾತಿಗೆ ಚಪ್ಪಾಳೆ ಬಿತ್ತು. ಬೀಳಲಿ. ಚಪ್ಪಾಳೆ ಗಿಟ್ಟಿಸುವ ಅನಂತನಾಗ್ ನನ್ನ ಅನಂತನಾಗ್ ಅಲ್ಲ, ಅದು ಎಂಟನೆಯದು.

ಇನ್ನು ಕಡೆಯ ಸ್ಥಾನ. ಅದು 2018ರ ‘ಕೆಜಿಎಫ್’ಗೆ. ಸಿನಿಮಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಊರೆಲ್ಲ ನೋಡಿದೆ, ನಾನೂ ಸೀಟಿ ಕೇಳುತ್ತಾ ನೋಡಿದ್ದೇನೆ. ಆದರೆ ಅದರಲ್ಲಿ ಆನಂದ್ ಇಂಗಳಗಿಯಾಗಿ ಅವರು ಕುರ್ಚಿಯ ಮೇಲೆ ಕೂತು ಬೇರೊಬ್ಬನ ಪರಾಕ್ರಮವನ್ನು ವರ್ಣಿಸುತ್ತಾರೆ. ಸುಳ್ಳಿಲ್ಲ, ಹೆದರಿಕೆಯಿಲ್ಲ, ಸಿಕ್ಕಿಬೀಳುವ ಪ್ರಸಂಗವಿಲ್ಲ. ಬೇಕಾದದ್ದು ಆ ಧ್ವನಿ ಮಾತ್ರ. ಎರಡನೆಯ ಭಾಗದಲ್ಲಿ ಕಥೆ ಹೇಳುವ ಕುರ್ಚಿಗೆ ಪ್ರಕಾಶ್ ರಾಜ್ ಬಂದರು, ಕಥೆಗೇನೂ ತೊಂದರೆಯಾಗಲಿಲ್ಲ. ರಾಘಣ್ಣನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ.

2025ರಲ್ಲಿ ಅವರಿಗೆ ಪದ್ಮಭೂಷಣ ಬಂದ ದಿನ ಅಣ್ಣ ಮತ್ತೆ ಜಗಳ ತೆಗೆದ, ‘ಗೌರಿ ಗಣೇಶ’ವನ್ನು ಮೇಲಕ್ಕೆ ತಾ ಎಂದು. ತಂದಿಲ್ಲ. ನಿಮಗೂ ಈ ಪಟ್ಟಿ ಒಪ್ಪಿಗೆಯಾಗಬೇಕೆಂದೇನಿಲ್ಲ, ಧಾರಾಳವಾಗಿ ಜಗಳಕ್ಕೆ ಬನ್ನಿ. ‘ಉದ್ಭವ’ ನೋಡದೆ ಮಾತ್ರ ಬರಬೇಡಿ.